ಬೈಯೋದು ಯಾರಿಗ್ರಿ? ಡ್ರೈವರ್ ಇಲ್ಲದ ಕಾರನ್ನು ಜನ ಯಾವಾಗ ನಂಬುತ್ತಾರೆ

ನಮ್ಮ ಕಲಬುರಗಿಯ ಹುಮನಾಬಾದ್ ರಿಂಗ್ ರೋಡಿನಿಂದ ಸೂಪರ್ ಮಾರ್ಕೆಟ್‌ಗೆ ಟಂಟಂ ಆಟೊದಲ್ಲಿ ಬರುತ್ತಿದ್ದೆ. ಹಿಂದೆ ಸೀಟು ತುಂಬಿತ್ತು. ನಾನು ಮುಂದೆ, ಡ್ರೈವರ್ ಪಕ್ಕ, ಅರ್ಧ ಕೂತು ಅರ್ಧ ನೇತಾಡಿಕೊಂಡು. ಗಂಜ್ ಹತ್ತಿರ ತೊಗರಿ ಚೀಲ ಹೇರಿದ ಲಾರಿ ಅಡ್ಡ ನಿಂತಿತ್ತು. ಅದು ಸರಿಯುವವರೆಗೆ ಮಾಡೋದೇನು, ಮೊಬೈಲ್ ತೆಗೆದೆ. ಅಮೆರಿಕದ ಫೀನಿಕ್ಸ್ ಊರಿನಲ್ಲಿ ವೇಮೋ ಕಂಪನಿ ಓಡಿಸುವ ಡ್ರೈವರ್ ಇಲ್ಲದ ಟ್ಯಾಕ್ಸಿಯ ವಿಡಿಯೊ ಬಂತು. ಸ್ಟಿಯರಿಂಗ್ ತಾನೇ ತಿರುಗುತ್ತಿದೆ, ಹಿಡಿದವರು ಯಾರೂ ಇಲ್ಲ. ಡ್ರೈವರ್ ಕಾಕಾ ಬಗ್ಗಿ ನೋಡಿದರು.

"ಒಳಗ ಯಾರೂ ಇಲ್ಲೇನ್ರಿ?"

"ಇಲ್ಲ ಕಾಕಾ, ಕಂಪ್ಯೂಟರೇ ಓಡಸ್ತದ."

ಇನ್ನೂ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕೇಳಿದರು: "ಹಂಗಾರ ಅಡ್ಡ ಬಂದ್ರ ಬೈಯೋದು ಯಾರಿಗ್ರಿ?"

ಟಂಟಂ ತುಂಬ ನಗು. ನಾನೂ ನಕ್ಕೆ. ಮನೆಗೆ ಬಂದು ಯೋಚಿಸಿದರೆ, ಈ ಕಾರುಗಳ ಬಗ್ಗೆ ನಾನು ಓದಿದ್ದೆಲ್ಲ ಆ ಒಂದು ಪ್ರಶ್ನೆಯ ಸುತ್ತಲೇ ತಿರುಗುತ್ತಿದೆ ಅನಿಸಿತು. ಕಾರು ಎಷ್ಟು ಚೆನ್ನಾಗಿ ಓಡುತ್ತದೆ ಅನ್ನೋದು ಇಂಜಿನಿಯರ್ ಪ್ರಶ್ನೆ. ಜನ ಅದನ್ನು ಒಪ್ಪುತ್ತಾರಾ ಅನ್ನೋದು ಬೇರೆಯದೇ ಲೆಕ್ಕ.

ಮೊದಲು ಒಂದು ಗೊಂದಲ ತೀರಿಸಿಬಿಡೋಣ. 2014ರಲ್ಲಿ ಅಮೆರಿಕದ ವಾಹನ ಇಂಜಿನಿಯರುಗಳ ಸಂಘ ಇಂಥ ವಾಹನಗಳಿಗೆ ಸೊನ್ನೆಯಿಂದ ಐದರವರೆಗೆ ಹಂತಗಳನ್ನು ಹಾಕಿತು. ಸೊನ್ನೆ ಅಂದರೆ ಎಲ್ಲ ನೀವೇ. ಐದು ಅಂದರೆ ಎಲ್ಲ ಕಡೆ, ಎಲ್ಲ ಹೊತ್ತಿನಲ್ಲೂ ಕಾರೇ. ಐದನೇ ಹಂತದ ಕಾರು ಇವತ್ತಿಗೂ ಎಲ್ಲೂ ಇಲ್ಲ. ವೇಮೋ ನಾಲ್ಕನೇ ಹಂತದ್ದು. ಗೊತ್ತುಮಾಡಿದ ಊರು, ಗೊತ್ತುಮಾಡಿದ ರಸ್ತೆಗಳಲ್ಲಿ ಮಾತ್ರ ಡ್ರೈವರ್ ಇಲ್ಲದೆ ಓಡುತ್ತದೆ. ನಮ್ಮ ಶೋರೂಮುಗಳಲ್ಲಿ 'ಅಡಾಸ್' ಅಂತ ಹೇಳಿ ಮಾರುವುದು ಹೆಚ್ಚೆಂದರೆ ಎರಡನೇ ಹಂತ. ಅಂದರೆ ಕಾರು ಕೈ ಜೋಡಿಸುತ್ತದೆ ಅಷ್ಟೇ. ಕಣ್ಣು, ಕೈ, ಹೊಣೆ ಮೂರೂ ನಿಮ್ಮದೇ.

ಈ ಎರಡನೇ ಹಂತವನ್ನು ನಾನು ನಮ್ಮ ಭಾವನ ಕಾರಿನಲ್ಲಿ ಹತ್ತಿರದಿಂದ ನೋಡಿದ್ದೇನೆ. ಜೇವರ್ಗಿ ರೋಡಿಗೆ ಒಯ್ದರು. ಬಿಳಿ ಗೆರೆ ಅರ್ಧ ಅಳಿಸಿಹೋಗಿತ್ತು, ಅದರ ಪಕ್ಕ ಡಾಂಬರಿನ ತೇಪೆಯ ಅಂಚು. ಕಾರು ಆ ಅಂಚನ್ನೇ ಗೆರೆ ಅಂದುಕೊಂಡು ಸ್ಟಿಯರಿಂಗ್ ಎಳೆಯತೊಡಗಿತು. ಒಂದು ಬೈಕ್ ಎಡಗಡೆಯಿಂದ ನುಗ್ಗಿದ್ದೇ ತಡ, ಗಕ್ಕನೆ ಬ್ರೇಕ್. ಹಿಂದಿನ ಕ್ರೂಸರ್ ಜೀಪಿನವನು ಹಾರ್ನ್ ಮೇಲಿಂದ ಕೈ ತೆಗೆಯಲಿಲ್ಲ. ಮೂರನೇ ದಿನಕ್ಕೆ ಭಾವ ಅದನ್ನು ಬಂದ್ ಮಾಡಿದರು. "ದುಡ್ಡು ಕೊಟ್ಟು ತಲೆನೋವು ತಂದಂಗಾತು" ಅಂದರು.

ಎರಡು ವಾರ ಬಿಟ್ಟು ಹೈದರಾಬಾದಿಗೆ ಹೊರಟೆವು. ಹುಮನಾಬಾದ್ ದಾಟಿ ದೊಡ್ಡ ಹೆದ್ದಾರಿ ಹಿಡಿದ ಮೇಲೆ ಮತ್ತೆ ಚಾಲೂ ಮಾಡಿದರು. ಈಗ ಬೆಣ್ಣೆ ಸವರಿದಂತೆ ಹೋಯಿತು. ಮುಂದಿನ ಗಾಡಿ ನಿಧಾನವಾದರೆ ಇದೂ ನಿಧಾನ, ಅದು ಓಡಿದರೆ ಇದೂ ಓಡುತ್ತದೆ. ಜಹೀರಾಬಾದ್ ಬರುವಷ್ಟರಲ್ಲಿ ಭಾವನಿಗೆ ಎಷ್ಟು ಧೈರ್ಯ ಬಂತೆಂದರೆ, ಒಂದು ಕೈ ಬಿಟ್ಟು ಶೇಂಗಾ ಚಟ್ನಿ ಡಬ್ಬಿ ತೆಗೆಯಲು ಹಿಂದಕ್ಕೆ ತಿರುಗಿದರು. ಅಕ್ಕ ಬೆನ್ನಿಗೊಂದು ಬಾರಿಸಿದಳು. ಕಾರು ಕೂಡ ಕೊಯ್ಯಂತ ಕೂಗಿ ಸ್ಟಿಯರಿಂಗ್ ಹಿಡಿ ಅಂದಿತು.

ಒಬ್ಬನೇ ಮನುಷ್ಯ, ಒಂದೇ ಕಾರು, ಹದಿನೈದು ದಿನದಲ್ಲಿ ಎರಡು ತೀರ್ಪು. 1989ರಲ್ಲಿ ಫ್ರೆಡ್ ಡೇವಿಸ್ ಎಂಬ ಸಂಶೋಧಕ ಹೊಸ ತಂತ್ರಜ್ಞಾನವನ್ನು ಜನ ಒಪ್ಪುವುದರ ಬಗ್ಗೆ ಒಂದು ಸರಳ ಮಾದರಿ ಕೊಟ್ಟ. ಜನ ಎರಡು ಕೇಳುತ್ತಾರೆ: ಇದರಿಂದ ನನಗೇನು ಉಪಯೋಗ? ಬಳಸೋದು ಸುಲಭವಾ? ಆಫೀಸಿನ ಕಂಪ್ಯೂಟರಿಗೆ ಇಷ್ಟು ಸಾಕಿತ್ತು. ಕಾರಿಗೆ ಸಾಲದು. ಪ್ರಾಣದ ಪ್ರಶ್ನೆ ಬಂದಾಗ ನಂಬಿಕೆ ಅನ್ನೋದು ಮೂರನೆಯದಾಗಿ ಸೇರುತ್ತದೆ, ಸೇರಿ ಮೊದಲಿನ ಎರಡನ್ನೂ ನುಂಗುತ್ತದೆ. ಈ ನಂಬಿಕೆ ಕಡಿಮೆಯಾದರೂ ಕಷ್ಟ, ಜಾಸ್ತಿಯಾದರೂ ಕಷ್ಟ. ಜೇವರ್ಗಿ ರೋಡಿನಲ್ಲಿ ಭಾವನಿಗೆ ಕಡಿಮೆ ಇತ್ತು. ಜಹೀರಾಬಾದಿನ ಹತ್ತಿರ ಜಾಸ್ತಿಯಾಯಿತು. ನನ್ನನ್ನು ಕೇಳಿದರೆ ಎರಡನೆಯದೇ ಹೆಚ್ಚು ಅಪಾಯ. 'ಆಟೊಪೈಲಟ್' ಅಂತ ಹೆಸರಿಟ್ಟು ಮಾರಿದರೆ, ಕೊಂಡವನು ಆ ಹೆಸರನ್ನೇ ನಂಬುತ್ತಾನೆ. ಒಳಗಿನ ಸಣ್ಣ ಅಕ್ಷರದ ಪುಸ್ತಕ ಯಾರು ಓದುತ್ತಾರೆ?

ಇನ್ನು ಭಯದ ಲೆಕ್ಕ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ದಿನಕ್ಕೆ 460ರ ಮೇಲೆ. ಮರುದಿನ ಬೆಳಗ್ಗೆ ನಾವು ಮತ್ತೆ ಹದಿನೈದು ಜನ ಹತ್ತಿದ ಕ್ರೂಸರ್‌ನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು ಅಂತ ಖುಷಿಪಡುತ್ತೇವೆ. ಅದೇ ಅಮೆರಿಕದಲ್ಲಿ ಡ್ರೈವರ್ ಇಲ್ಲದ ಒಂದು ಕಾರು ಒಬ್ಬರಿಗೆ ಗುದ್ದಿದರೆ ಜಗತ್ತಿಗೇ ಸುದ್ದಿ. ಇದು ದಡ್ಡತನವಾ? ಅಲ್ಲ, ಇದಕ್ಕೊಂದು ತರ್ಕ ಇದೆ. 1969ರಲ್ಲಿ ಚಾನ್ಸಿ ಸ್ಟಾರ್ ಎಂಬವರು ಒಂದು ಲೆಕ್ಕ ಹಾಕಿದರು. ನಾವಾಗಿ ಆರಿಸಿಕೊಂಡ ಅಪಾಯವನ್ನು, ಬೇರೆಯವರು ನಮ್ಮ ಮೇಲೆ ಹೇರಿದ ಅಪಾಯಕ್ಕಿಂತ ಸುಮಾರು ಸಾವಿರ ಪಟ್ಟು ಹೆಚ್ಚು ಸಹಿಸುತ್ತೇವಂತೆ. ಆಮೇಲೆ 1987ರಲ್ಲಿ ಪಾಲ್ ಸ್ಲೊವಿಕ್ ಇನ್ನೊಂದು ಮಾತು ಸೇರಿಸಿದರು. ಎಷ್ಟು ಜನ ಸಾಯುತ್ತಾರೆ ಅನ್ನೋದಕ್ಕಿಂತ, ಆ ಅಪಾಯ ಎಷ್ಟು ಹೊಸದು, ಎಷ್ಟು ಕಾಣದ್ದು, ಎಷ್ಟು ನಮ್ಮ ಕೈಮೀರಿದ್ದು ಅನ್ನೋದು ಭಯವನ್ನು ಹೆಚ್ಚಿಸುತ್ತದೆ.

ಕ್ರೂಸರ್‌ನಲ್ಲಿ ನನ್ನ ಕೈಯಲ್ಲಿ ಏನಾದರೂ ಇದೆಯಾ? ಸ್ಟಿಯರಿಂಗ್ ಅಂತೂ ಇಲ್ಲ. ಆದರೆ "ಏ ತಮ್ಮಾ, ಹಗೂರ ಹೋಗೋ" ಅಂತ ಹಿಂದಿನಿಂದ ಕೂಗಬಹುದು. ಅವನ ಕಣ್ಣು ಕೆಂಪಾಗಿದ್ದರೆ ಇಳಿದುಬಿಡಬಹುದು. ನಮ್ಮವ್ವ ಗಾಡಿ ಹತ್ತುವ ಮೊದಲು ಡ್ರೈವರ್ ಮುಖ ನೋಡುತ್ತಾಳೆ. ಅದು ಅವಳ ಸೇಫ್ಟಿ ಚೆಕ್. ಸಾಫ್ಟ್‌ವೇರಿಗೆ ಮುಖವೇ ಇಲ್ಲ.

ಎರಡು ಅಪಘಾತಗಳ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು. ಜನರ ಮನಸ್ಸು ಕೆಡಿಸಿದ್ದು ಇವೇ.

ಮೊದಲನೆಯದು 2018ರ ಮಾರ್ಚ್ 18ರಂದು, ಅಮೆರಿಕದ ಅರಿಝೋನಾ ರಾಜ್ಯದ ಟೆಂಪಿ ಊರಿನಲ್ಲಿ. ಉಬರ್ ಕಂಪನಿಯ ಪರೀಕ್ಷಾ ಕಾರು. ರಾತ್ರಿ ಹೊತ್ತು. ಒಬ್ಬ ಹೆಂಗಸು ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದರು. ಗುದ್ದುವ 5.6 ಸೆಕೆಂಡ್ ಮೊದಲೇ ಕಾರಿಗೆ ಏನೋ ಕಂಡಿತ್ತು. ಆದರೆ ಅದೇನು ಅಂತ ತಿಳಿಯಲಿಲ್ಲ. ಒಮ್ಮೆ ವಾಹನ ಅಂದಿತು, ಒಮ್ಮೆ ಇನ್ನೇನೋ ಅಂದಿತು, ಆಮೇಲೆ ಸೈಕಲ್ ಅಂದಿತು. ಪ್ರತಿ ಸಲ ಮನಸ್ಸು ಬದಲಿಸಿದಾಗಲೂ ಅದು ಎತ್ತ ಹೋಗುತ್ತಿದೆ ಎಂಬ ಲೆಕ್ಕವನ್ನು ಮೊದಲಿನಿಂದ ಶುರು ಮಾಡಿತು. ಸೀಟಿನಲ್ಲಿ ಕೂತು ನೋಡಿಕೊಳ್ಳಬೇಕಿದ್ದವರು ಫೋನಿನಲ್ಲಿ ಟಿವಿ ಕಾರ್ಯಕ್ರಮ ನೋಡುತ್ತಿದ್ದರು. ತನಿಖೆಯಲ್ಲಿ ಇನ್ನೊಂದು ವಿಷಯ ಹೊರಬಂತು. ಜೀಬ್ರಾ ಕ್ರಾಸಿಂಗ್ ಇಲ್ಲದ ಕಡೆ ಜನ ರಸ್ತೆ ದಾಟಬಹುದು ಎಂಬುದನ್ನು ಆ ಸಾಫ್ಟ್‌ವೇರ್ ಬರೆದವರು ಲೆಕ್ಕಕ್ಕೇ ಹಿಡಿದಿರಲಿಲ್ಲ. ಇದನ್ನು ಓದಿ ನಾನು ಒಂದು ಕ್ಷಣ, ಜನ ಎಲ್ಲೆಂದರಲ್ಲಿ ದಾಟುವ ನಮ್ಮೂರಿನ ಜಗತ್ ಸರ್ಕಲ್ ನೆನೆಸಿಕೊಂಡೆ.

ಎರಡನೆಯದು 2023ರ ಅಕ್ಟೋಬರ್ 2, ಸ್ಯಾನ್ ಫ್ರಾನ್ಸಿಸ್ಕೊ. ಇಲ್ಲಿ ಮೊದಲು ಗುದ್ದಿದ್ದು ಮನುಷ್ಯ ಓಡಿಸುತ್ತಿದ್ದ ಕಾರು. ಗುದ್ದಿ ಓಡಿಹೋಯಿತು. ಆ ಹೊಡೆತಕ್ಕೆ ಹೆಂಗಸು ಕ್ರೂಸ್ ಕಂಪನಿಯ ಡ್ರೈವರ್‌ಲೆಸ್ ಕಾರಿನ ಮುಂದೆ ಬಿದ್ದರು. ಕಾರು ಬ್ರೇಕ್ ಹಾಕಿತು, ಆದರೂ ತಗಲಿತು. ಇಲ್ಲಿಯವರೆಗೆ ಜನ ಕ್ಷಮಿಸುತ್ತಿದ್ದರೇನೋ. ಆಮೇಲೆ ಆ ಕಾರು ರಸ್ತೆ ಬದಿಗೆ ಹೋಗಿ ನಿಲ್ಲಬೇಕು ಎಂಬ ತನ್ನ ನಿಯಮ ಪಾಲಿಸಲು ಹೋಗಿ, ಕೆಳಗಿದ್ದವರನ್ನು ಸುಮಾರು 20 ಅಡಿ ಎಳೆದುಕೊಂಡು ಹೋಯಿತು. ಎಂಥ ಹೊಸಬ ಡ್ರೈವರ್ ಆದರೂ ಕೆಳಗೆ ಮನುಷ್ಯ ಇದ್ದಾನೆ ಅಂದರೆ ಗಾಡಿ ಅಲುಗಾಡಿಸುವುದಿಲ್ಲ.

ಆದರೆ ಕಂಪನಿ ಮುಳುಗಿದ್ದು ಅದಕ್ಕಲ್ಲ ಅಂತ ನನಗನಿಸುತ್ತದೆ. ಎಳೆದುಕೊಂಡು ಹೋದ ಸಂಗತಿಯನ್ನು ಸರ್ಕಾರಕ್ಕೆ ಕೊಟ್ಟ ವರದಿಯಲ್ಲಿ ಬಿಟ್ಟಿದ್ದರು. ಅದೇ ತಿಂಗಳು ಆ ಊರಿರುವ ಕ್ಯಾಲಿಫೋರ್ನಿಯಾ ರಾಜ್ಯ ಕಂಪನಿಯ ಪರ್ಮಿಟ್ ಕಿತ್ತುಕೊಂಡಿತು. ಸುಳ್ಳು ವರದಿ ಕೊಟ್ಟಿದ್ದು ನಿಜ ಅಂತ 2024ರ ನವೆಂಬರ್‌ನಲ್ಲಿ ಕಂಪನಿಯೇ ಒಪ್ಪಿ ದಂಡ ಕಟ್ಟಿತು. ಮರು ತಿಂಗಳು ಮಾಲೀಕರಾದ ಜನರಲ್ ಮೋಟರ್ಸ್ ಈ ಟ್ಯಾಕ್ಸಿ ಯೋಜನೆಗೆ ಹಣ ಹಾಕುವುದನ್ನೇ ನಿಲ್ಲಿಸಿತು. ತಪ್ಪು ಮಾಡಿದ ಡ್ರೈವರ್‌ನನ್ನು ನಮ್ಮ ಜನ ಎರಡು ಬೈದು ಬಿಟ್ಟಾರು. ಗುದ್ದಿ "ನಾನಲ್ಲ" ಅಂದವನನ್ನು ಬಿಡುತ್ತಾರಾ?

2024ರ ಫೆಬ್ರವರಿಯಲ್ಲಿ ಅದೇ ಸ್ಯಾನ್ ಫ್ರಾನ್ಸಿಸ್ಕೊದ ಚೈನಾಟೌನ್‌ನಲ್ಲಿ ಗುಂಪೊಂದು ಖಾಲಿ ವೇಮೋ ಕಾರಿನ ಗಾಜು ಒಡೆದು ಬೆಂಕಿ ಹಚ್ಚಿತು. ಆ ಕಾರು ಅವತ್ತು ಯಾರಿಗೂ ಏನೂ ಮಾಡಿರಲಿಲ್ಲ. ಬೈಯಲು ಯಾರೂ ಸಿಗದಿದ್ದಾಗ ಸಿಟ್ಟು ತಗಡಿನ ಮೇಲೆ ತಿರುಗುತ್ತದೆ ಅಂತ ಅದನ್ನು ನೋಡಿ ನನಗೆ ಅನಿಸಿತು.

ಒಂದು ವಿಷಯ ಬಹಳ ಜನ ಮರೆಯುತ್ತಾರೆ. ಒಪ್ಪಿಗೆ ಅಂದ ಕೂಡಲೇ ಕಾರಿನ ಒಳಗೆ ಕೂರುವವರನ್ನಷ್ಟೇ ಕೇಳುತ್ತಾರೆ. ಆದರೆ ನಮ್ಮಲ್ಲಿ ರಸ್ತೆಯಲ್ಲಿ ಸಾಯುವವರಲ್ಲಿ ಬೈಕಿನವರು ಮತ್ತು ನಡೆದು ಹೋಗುವವರೇ ಹತ್ತಿರ ಹತ್ತಿರ ಮೂರನೇ ಎರಡು ಪಾಲು. ಅವರು ಆ ಕಾರು ಕೊಂಡಿಲ್ಲ, ಬುಕ್ ಮಾಡಿಲ್ಲ, ಯಾವ ಆ್ಯಪಿನಲ್ಲೂ 'ಒಪ್ಪಿಗೆ' ಒತ್ತಿಲ್ಲ. ಅಪಾಯ ಮಾತ್ರ ಅವರದ್ದೂ ಹೌದು. 2016ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಇದರ ಇನ್ನೊಂದು ಮುಖ ತೋರಿಸಿತು. ಹೆಚ್ಚು ಜನರ ಜೀವ ಉಳಿಯುವುದಾದರೆ ಒಳಗಿರುವವನನ್ನೂ ಬಲಿ ಕೊಡುವಂಥ ಕಾರು ಒಳ್ಳೆಯದು ಅಂತ ಜನ ಹೇಳಿದರು. ನೀವು ಅಂಥದ್ದನ್ನು ಕೊಳ್ಳುತ್ತೀರಾ ಅಂದರೆ, ಇಲ್ಲ, ನನಗೆ ನನ್ನನ್ನು ಕಾಯುವ ಕಾರು ಬೇಕು ಅಂದರು. ಹೆಲ್ಮೆಟ್ ಎಲ್ಲರೂ ಹಾಕಬೇಕು, ನಾನು ಇಲ್ಲೇ ಕಿರಾಣಿ ಅಂಗಡಿಗೆ ಹೊರಟಿದ್ದೇನಲ್ಲ ಅಂದ ಹಾಗೆ. ಮುದುಕನನ್ನು ಉಳಿಸಬೇಕಾ ಮಗುವನ್ನಾ ಎಂಬ ಆಟದಂಥ ಪ್ರಶ್ನೆಗಳೂ ಬಹಳ ಓಡಾಡಿವೆ. ನನಗೆ ಅದರಲ್ಲಿ ಹೆಚ್ಚು ಹುರುಳು ಕಾಣುವುದಿಲ್ಲ. ನಮ್ಮ ರಸ್ತೆಯ ಪ್ರಶ್ನೆಗಳು ಅದಕ್ಕಿಂತ ಸಣ್ಣವು, ಅದಕ್ಕಿಂತ ಕಷ್ಟದವು.

ಉದಾಹರಣೆಗೆ ಸುಗ್ಗಿ. ನಮ್ಮ ಜಿಲ್ಲೆಯ ಹಳ್ಳಿ ದಾರಿಗಳಲ್ಲಿ ಆಗ ಡಾಂಬರು ರಸ್ತೆಯೇ ಕಣ. ರಸ್ತೆಯ ಅರ್ಧಕ್ಕೆ ಬೆಳೆ ಹರಡಿರುತ್ತಾರೆ, ಸುತ್ತ ಕಲ್ಲು ಇಟ್ಟಿರುತ್ತಾರೆ. ಕಾಳು ಒಣಗಲು ಹಾಕಿದ್ದರೆ ಅದರ ಮೇಲೆ ಗಾಡಿ ಹಾಯಿಸಬಾರದು. ಕಾಳು ಉದುರಲಿ ಅಂತ ಕಟಾವು ಮಾಡಿದ ಬೆಳೆ ಹಾಕಿದ್ದರೆ ಹಾಯಿಸಲೇಬೇಕು, ಬಳಸಿಕೊಂಡು ಹೋದರೆ "ಮ್ಯಾಲಿಂದ ಹೋಗ್ರಿ" ಅಂತ ಕೂಗುತ್ತಾರೆ. ಯಾವುದು ಯಾವುದು ಅಂತ ಎಲ್ಲೂ ಬೋರ್ಡ್ ಇಲ್ಲ. ಪಕ್ಕದಲ್ಲಿ ಮೊರ ಹಿಡಿದು ನಿಂತ ಅಜ್ಜಿಯ ಕೈ ಹೇಗೆ ಅಲ್ಲಾಡಿತು ಅನ್ನೋದರಲ್ಲಿ ಉತ್ತರ ಇದೆ. ಇದು ಕಾನೂನಿಗೆ ವಿರುದ್ಧ, ಬೈಕುಗಳು ಜಾರಿ ಬೀಳುತ್ತವೆ, ಎಲ್ಲ ನಿಜ. ಆದರೂ ಇದೆ. ಕ್ಯಾಮೆರಾಗೂ ಲೇಸರ್ ಕಣ್ಣಿಗೂ ಅದು ಬರೀ ಒಂದು ಗುಡ್ಡೆ. ಅದು ನಿಂತುಬಿಡುತ್ತದೆ. ನಿಂತರೆ ಅಪಘಾತ ಆಗಲಿಕ್ಕಿಲ್ಲ, ಆದರೆ ಹಿಂದೆ ನಿಂತ ಕಬ್ಬಿನ ಟ್ರ್ಯಾಕ್ಟರಿನವನಿಗೆ ಈ ಕಾರಿನ ಮೇಲೆ ಯಾವ ಅಭಿಪ್ರಾಯ ಮೂಡುತ್ತದೆ ಹೇಳಿ.

ಲೈಟ್ ಡಿಪ್ಪರ್ ಹೊಡೆಯುವುದನ್ನೇ ನೋಡಿ. ಕೆಲವು ದೇಶಗಳಲ್ಲಿ ಅದರ ಅರ್ಥ 'ನೀವು ಹೋಗಿ'. ನಮ್ಮಲ್ಲಿ 'ನಾ ಬಂದೆ, ನೀ ನಿಲ್ಲು'. ಹಾರ್ನಿನಲ್ಲಂತೂ ಬೈಗುಳ, ನಮಸ್ಕಾರ, ಸೈಡ್ ಕೇಳೋದು ಎಲ್ಲ ಬೇರೆ ಬೇರೆ. ಈ ಭಾಷೆ ಬರದ ಕಾರು ಎಷ್ಟೇ ಸುರಕ್ಷಿತವಾಗಿದ್ದರೂ ಜನರಿಗೆ ಅದು ಪರದೇಶಿ.

ಇದನ್ನು ಕಲಿಸುವ ಕೆಲಸ ನಮ್ಮಿಂದ ಬಹಳ ದೂರವೇನೂ ನಡೆಯುತ್ತಿಲ್ಲ. ಹೈದರಾಬಾದಿನ ಟ್ರಿಪಲ್ ಐಟಿಯವರು ಹೈದರಾಬಾದ್, ಬೆಂಗಳೂರು ರಸ್ತೆಗಳ ಸುಮಾರು 10,000 ಚಿತ್ರಗಳನ್ನು ಸೇರಿಸಿ, 34 ಬಗೆಯ ವಸ್ತುಗಳನ್ನು ಗುರುತಿಸಿ ಒಂದು ಸಂಗ್ರಹ ಮಾಡಿದ್ದಾರೆ. ಅದರಲ್ಲಿ ಆಟೊರಿಕ್ಷಾಕ್ಕೆ ಬೇರೆ ಗುಂಪು, ಪ್ರಾಣಿಗಳಿಗೆ ಬೇರೆ ಗುಂಪು. ರಸ್ತೆ ಅಲ್ಲದಿದ್ದರೂ ಗಾಡಿ ಓಡಿಸಬಹುದಾದ ಮಣ್ಣಿನ ಅಂಚಿಗೂ ಒಂದು ಗುಂಪು. ಯುರೋಪಿನಲ್ಲಿ ರಸ್ತೆ ಮುಗಿಯಿತು ಅಂದರೆ ಮುಗಿಯಿತು. ನಮ್ಮಲ್ಲಿ ಡಾಂಬರು ಮುಗಿದ ಮೇಲೂ ಎರಡು ಮೊಳ ರಸ್ತೆಯೇ. ಇನ್ನು ಕಲಬುರಗಿಯಿಂದ ಜಹೀರಾಬಾದ್ ಮೇಲೆ ಹೈದರಾಬಾದಿಗೆ ಹೋಗುವವರೆಲ್ಲ ಸಂಗಾರೆಡ್ಡಿ ದಾಟಿ ಕಂದಿಯಲ್ಲಿ ಐಐಟಿ ಗೇಟ್ ನೋಡಿರುತ್ತೀರಿ. ಆ ಕಾಂಪೌಂಡಿನೊಳಗೇ ಡ್ರೈವರ್ ಇಲ್ಲದ ವಾಹನಗಳ ಪರೀಕ್ಷೆಗೆ 2022ರಲ್ಲಿ ಮೈದಾನ ಶುರುವಾಯಿತು. ಕ್ಯಾಂಪಸ್ಸಿನೊಳಗೆ ಚಾಲಕನಿಲ್ಲದ ಸಣ್ಣ ಬಸ್ಸನ್ನೂ ಓಡಿಸಿದ್ದಾರೆ.

ರೂಢಿಯೂ ದೊಡ್ಡ ಔಷಧಿ. ಲಿಫ್ಟ್ ತಾನೇ ನಡೆಯುವ ತಂತ್ರ ಬಂದ ಎಷ್ಟೋ ವರ್ಷಗಳ ಮೇಲೂ ನಡೆಸಲು ಆಳು ಇಲ್ಲದಿದ್ದರೆ ಜನ ಹತ್ತಲು ಹಿಂಜರಿಯುತ್ತಿದ್ದರು. 1945ರಲ್ಲಿ ನ್ಯೂಯಾರ್ಕಿನ ಲಿಫ್ಟ್ ನಡೆಸುವವರು ಮುಷ್ಕರ ಹೂಡಿ ಊರೇ ನಿಂತಾಗ, ಕಟ್ಟಡದ ಮಾಲೀಕರು ಬಟನ್ ಲಿಫ್ಟ್ ಕಡೆ ತಿರುಗಿದರು. ಒಳಗೊಂದು ಕೆಂಪು ಗುಂಡಿ, ಒಂದು ಫೋನ್ ಇಟ್ಟರು. ಆ ಕೆಂಪು ಗುಂಡಿಯನ್ನು ನಾನಂತೂ ಇವತ್ತಿನವರೆಗೆ ಒತ್ತಿಲ್ಲ. ಆದರೆ ಅದು ಇರಬೇಕು. ದಿಲ್ಲಿ ಮೆಟ್ರೊದ ಮೆಜೆಂಟಾ ಮಾರ್ಗದಲ್ಲಿ 2020ರ ಡಿಸೆಂಬರ್ 28ರಿಂದ ಚಾಲಕನಿಲ್ಲದ ರೈಲು ಓಡುತ್ತಿದೆ. ಮೊದಮೊದಲು ಒಳಗೊಬ್ಬ ಸಿಬ್ಬಂದಿಯನ್ನು ಇಟ್ಟಿದ್ದರು, ಜನರ ಧೈರ್ಯಕ್ಕೆ. ಮೆಟ್ರೊಗೆ ತನ್ನದೇ ಹಳಿ ಇದೆ, ಅಲ್ಲಿ ಎಮ್ಮೆ ಬರೋದಿಲ್ಲ ಅನ್ನೋದು ಬೇರೆ ಮಾತು. ಅಮೆರಿಕದಲ್ಲಿ ಇಷ್ಟು ವರ್ಷ ಓಡಿದ ಮೇಲೂ, ಅಲ್ಲಿನ ವಾಹನ ಸವಾರರ ಸಂಘ ಎಎಎ 2025ರಲ್ಲಿ ಕೇಳಿದಾಗ ಇಂಥ ಕಾರಿನಲ್ಲಿ ನಂಬಿ ಕೂರುತ್ತೇನೆ ಅಂದವರು ಶೇಕಡ 13. ಹಿಂದಿನ ವರ್ಷ 9 ಇತ್ತು. ಏರುತ್ತಿದೆ, ಆದರೆ ಎತ್ತಿನ ಗಾಡಿಯ ವೇಗದಲ್ಲಿ.

ಯಾರಿಗೆ ಇದು ನಿಜವಾಗಿ ಬೇಕು? ಕಣ್ಣು ಕಾಣದವರಿಗೆ, ವಯಸ್ಸಾದವರಿಗೆ. ನಮ್ಮ ಓಣಿಯ ನಿವೃತ್ತ ಮಾಸ್ತರರು ಕಣ್ಣಿನ ಪೊರೆ ಬಂದ ಮೇಲೆ ಸ್ಕೂಟರ್ ಬಿಟ್ಟರು. ಮಗ ಪುಣೆಯಲ್ಲಿ. ದವಾಖಾನೆಗೂ ಇನ್ನೊಬ್ಬರನ್ನು ಕೇಳಬೇಕು. "ಅಂಥಾ ಕಾರು ಬಂದ್ರ ಮೊದ್ಲು ನಾನೇ ಹತ್ತೋದು" ಅಂತಾರೆ. ರಾತ್ರಿ ಒಬ್ಬಳೇ ಬರುವ ಹೆಣ್ಣುಮಗಳಿಗೆ ಅಪರಿಚಿತ ಡ್ರೈವರ್ ಇಲ್ಲ ಅನ್ನೋದು ಸಮಾಧಾನ. ಕೆಟ್ಟು ನಿಂತರೆ ಜೊತೆಗೆ ಯಾರೂ ಇಲ್ಲ ಅನ್ನೋದು ಭಯ. ಎರಡೂ ಒಟ್ಟಿಗೇ ಇರುತ್ತವೆ.

ಕೆಲಸದ ಪ್ರಶ್ನೆಗೆ ಬಂದರೆ, ಕೇಂದ್ರ ಸಚಿವ ನಿತಿನ್ ಗಡ್ಕರಿ 2017ರಲ್ಲೂ 2023ರಲ್ಲೂ ಚಾಲಕರಿಲ್ಲದ ಕಾರುಗಳನ್ನು ದೇಶದೊಳಗೆ ಬಿಡುವುದಿಲ್ಲ ಎಂದರು. ಲಕ್ಷಾಂತರ ಚಾಲಕರ ಹೊಟ್ಟೆಪಾಡು ಅದಕ್ಕೆ ಕೊಟ್ಟ ಕಾರಣ. ನಮ್ಮ ಕಡೆ ಮಳೆ ಕೈಕೊಟ್ಟ ವರ್ಷ ಹೊಲ ಬಿಟ್ಟ ಹುಡುಗ ಮೊದಲು ಹುಡುಕುವುದೇ ಡ್ರೈವಿಂಗ್ ಲೈಸೆನ್ಸ್. ಟಂಟಂ, ಕ್ರೂಸರ್, ಟ್ರ್ಯಾಕ್ಟರ್, ಅದೃಷ್ಟ ಇದ್ದರೆ ಸಾರಿಗೆ ನಿಗಮದ ಬಸ್ಸು. ಬಂಡವಾಳ ಇಲ್ಲದವನಿಗೆ ಸ್ಟಿಯರಿಂಗೇ ಹೊಲ. ಅಲ್ಲಿ ಹೋಗಿ 'ಈ ತಂತ್ರಜ್ಞಾನವನ್ನು ನೀವು ಎಷ್ಟು ಒಪ್ಪುತ್ತೀರಿ, ಒಂದರಿಂದ ಐದರೊಳಗೆ ಅಂಕ ಕೊಡಿ' ಅಂದರೆ ಚಹಾ ಕುಡಿಸಿ ಕಳಿಸುತ್ತಾರೆ ಅಷ್ಟೇ.

ಮತ್ತೆ ಕಾಕಾನ ಪ್ರಶ್ನೆಗೆ. ಬೈಯೋದು ಯಾರಿಗೆ? ನಮ್ಮ 1988ರ ಮೋಟಾರು ವಾಹನ ಕಾಯ್ದೆ ನಿಂತಿರುವುದೇ ಚಾಲಕ ಒಬ್ಬ ಇದ್ದಾನೆ ಎಂಬುದರ ಮೇಲೆ. ಲೈಸೆನ್ಸ್ ಅವನಿಗೆ, ಕೇಸು ಅವನ ಮೇಲೆ. ಪರಿಹಾರಕ್ಕೆ ಮಾಲೀಕ, ವಿಮಾ ಕಂಪನಿ ಸೇರುತ್ತವೆ. ಚಾಲಕನನ್ನೇ ತೆಗೆದರೆ? ಕಾರು ಮಾಡಿದವನಾ, ಸಾಫ್ಟ್‌ವೇರ್ ಬರೆದವನಾ, ನಕ್ಷೆ ಕೊಟ್ಟವನಾ, ಗೆರೆ ಬಳಿಯದ ಗುತ್ತಿಗೆದಾರನಾ? ಬ್ರಿಟನ್ 2024ರಲ್ಲಿ ಇದಕ್ಕೊಂದು ಕಾಯ್ದೆ ಮಾಡಿತು. ಕಾರು ತಾನೇ ಓಡುತ್ತಿದ್ದಾಗ ಅದು ಓಡಿದ ರೀತಿಗೆ ಸೀಟಿನಲ್ಲಿ ಕೂತವರ ಮೇಲೆ ಕೇಸಿಲ್ಲ. ಅದಕ್ಕೆ ಉತ್ತರ ಹೇಳಲು ಒಂದು ಸಂಸ್ಥೆಯನ್ನು ಮೊದಲೇ ಗೊತ್ತುಮಾಡಿರಬೇಕು. ಅಂದರೆ ಬೈಯಲು ಒಂದು ವಿಳಾಸ. ನಮ್ಮಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿ ಇಳಿದವರಿಗೆ ಆ ವಿಳಾಸದ ಬೆಲೆ ಗೊತ್ತು. ಬೆಂಗಳೂರಿನಲ್ಲೋ ಬೇರೆ ದೇಶದಲ್ಲೋ ಇರುವ ಕಂಪನಿಯ ಮೇಲೆ ಆಳಂದದ ರೈತ ಕೇಸು ನಡೆಸಬೇಕು ಅಂದರೆ, ಅವನು ಕಾರನ್ನು ಒಪ್ಪೋದಿರಲಿ, ಅದು ಬರುವ ರಸ್ತೆಗೇ ಮುಳ್ಳು ಹಚ್ಚಿಯಾನು.

ಇಲ್ಲಿಗೆ ಇದು ಬಂದರೂ ಸೂಪರ್ ಮಾರ್ಕೆಟ್ ಕಡೆ ಮೊದಲು ಬರೋದಿಲ್ಲ ಅನ್ನೋದು ನನ್ನ ಅಂದಾಜು. ಆಸ್ಟ್ರೇಲಿಯಾದ ಕಬ್ಬಿಣದ ಗಣಿಗಳಲ್ಲಿ 2008ರಿಂದಲೇ ಚಾಲಕರಿಲ್ಲದ ದೊಡ್ಡ ಡಂಪರುಗಳು ಓಡಾಡುತ್ತಿವೆ. ಬೇಲಿ ಹಾಕಿದ ಜಾಗ, ಅದೇ ದಾರಿ, ಹೊರಗಿನವರು ಯಾರೂ ಇಲ್ಲ. ನಮ್ಮ ಸೇಡಂ, ಮಳಖೇಡ, ವಾಡಿ ಕಡೆಯ ಸಿಮೆಂಟ್ ಫ್ಯಾಕ್ಟರಿಗಳ ಕಲ್ಲಿನ ಗಣಿಗಳೂ ಹಾಗೇ ಅಲ್ವಾ? ಅವತ್ತು ಟಂಟಂನಲ್ಲಿ ಇದನ್ನೂ ಕಾಕಾನಿಗೆ ಹೇಳಿದ್ದೆ. ಊರೊಳಗ ಸದ್ಯಕ್ಕ ಬರಂಗಿಲ್ಲ, ಬಂದ್ರ ಮೊದ್ಲು ಸೇಡಂ ಗಣಿಗೆ ಬರ್ತದ ಅಂತ.

ಲಾರಿ ಸರಿದಿತ್ತು. ಅವರು ಗೇರ್ ಹಾಕಿದರು. ಸೂಪರ್ ಮಾರ್ಕೆಟ್ ಬರುವವರೆಗೆ ಮಾತಿಲ್ಲ. ಇಳಿದು ಇಪ್ಪತ್ತರ ನೋಟು ಕೊಟ್ಟೆ. ಚಿಲ್ಲರೆ ಹುಡುಕುತ್ತಾ ಹೇಳಿದರು:

"ನಮ್ಮ ಸಣ್ಣ ಮಗ ಅಲ್ಲೇ ಡಂಪರ್ ಹೊಡಿಲತ್ತಾನ್ರಿ."